ಹೊಟ್ಟೆಯೊಳಗಿನ ಕಾಗದದ ಸದ್ದು

ಒಲೆಗೆ ಇನ್ನೊಂದು ಕುಂಟೆ ದೂಡಿ ಹತ್ತಿರ ಬನ್ನಿ. ಈ ಮಳೆ ಇವತ್ತು ಬಿಡುವ ಹಾಗೆ ಕಾಣುವುದಿಲ್ಲ. ನಮ್ಮ ಕಡೆ ಮಳೆಗಾಲದ ಕಥೆಗಳೆಲ್ಲ ಬಚ್ಚಲೊಲೆಯ ಮುಂದೆಯೇ ಹುಟ್ಟುವುದು. ಒದ್ದೆ ಪಂಚೆ, ಕಂಬಳಿ, ಹಲಸಿನ ಬೀಜ ಸುಡುವ ವಾಸನೆ, ಇವುಗಳ ನಡುವೆ ಕೂತರೆ ಮಾತು ತಾನಾಗಿಯೇ ಬರುತ್ತದೆ.

ನನ್ನ ತಂಗಿಯ ಮಗಳು ಹೋದ ವರ್ಷ ಶಾಲೆಗೆ ಶಿಕ್ಷಕಿಯಾಗಿ ಸೇರಿದ್ದಾಳೆ. ಮೊನ್ನೆ ಹೀಗೇ ಒಲೆಯ ಮುಂದೆ ಕೂತಿದ್ದಾಗ ಕೇಳಿದಳು: "ದೊಡ್ಡಮ್ಮ, ತರಬೇತಿಗೆ ಹೋದರೆ ಕಲೆಯನ್ನು ಪಾಠದ ಜೊತೆ ಸೇರಿಸಿ ಅನ್ನುತ್ತಾರೆ. ಸೇರಿಸುವುದು ಅಂದರೆ ಹೇಗೆ? ಮಗ್ಗಿಗೆ ಒಂದು ರಾಗ ಹಚ್ಚಿದರೆ ಆಯಿತಾ?" ಅವಳು ಮನಸ್ಸಿಟ್ಟು ಕೇಳಿದ್ದಳು. ನನಗೆ ಗೊತ್ತಿರುವ ಉತ್ತರ ಒಂದೇ, ಅದು 1997ರ ಮಳೆಗಾಲದ್ದು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಆಗ ನಾನು ಶರಾವತಿ ಹಿನ್ನೀರಿನ ಆಚೆ ದಡದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಸಾಗರದಿಂದ ಬಸ್ಸಿನಲ್ಲಿ ಹೊಳೆಬಾಗಿಲಿಗೆ ಬರಬೇಕು, ಅಲ್ಲಿ ಲಾಂಚ್ ಹತ್ತಿ ನೀರು ದಾಟಬೇಕು, ಆಮೇಲೆ ಕೆಮ್ಮಣ್ಣಿನ ದಾರಿಯಲ್ಲಿ ನಡೆಯಬೇಕು. ಈಗ ಅಲ್ಲಿ ದೊಡ್ಡ ಸೇತುವೆ ಆಗಿದೆ, 2025ರ ಜುಲೈಯಲ್ಲಿ ತೆರೆದರು. ಆ ದಿನಗಳಲ್ಲಿ ಗಾಳಿ ಜೋರಾದರೆ ಲಾಂಚ್ ನಿಲ್ಲುತ್ತಿತ್ತು, ಲಾಂಚ್ ನಿಂತರೆ ನಮಗೆ ಊರೇ ಜಗತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದಾಗ ಊರೂರೇ ನೀರಿಗೆ ಹೋಗಿತ್ತು. ನಮ್ಮ ಶಾಲೆಯ ಮಕ್ಕಳ ಅಜ್ಜ ಅಜ್ಜಿಯರಲ್ಲಿ ಬಹಳ ಜನ ಹಾಗೆ ಮನೆ ಬಿಟ್ಟು ಗುಡ್ಡದ ಮೇಲಕ್ಕೆ ಬಂದವರು. ಬೇಸಿಗೆಯಲ್ಲಿ ನೀರು ಇಳಿದಾಗ ಸತ್ತ ಮರಗಳ ಬೊಡ್ಡೆಗಳು ಕಪ್ಪಗೆ ತಲೆ ಎತ್ತುತ್ತವಲ್ಲ, ಅವನ್ನು ತೋರಿಸಿ "ಅಲ್ಲೇ ನಮ್ಮ ಕೊಟ್ಟಿಗೆ ಇತ್ತು" ಅನ್ನುತ್ತಿದ್ದರು.

ಎರಡು ಕೋಣೆ, ಒಂದು ಜಗುಲಿ, ಮೇಲೆ ಮಂಗಳೂರು ಹೆಂಚು. ಏಳು ತರಗತಿಗೆ ಮೂವರು ಶಿಕ್ಷಕರು. ಆ ವರ್ಷ ಸ್ವಾತಂತ್ರ್ಯ ಬಂದು ಐವತ್ತು ವರ್ಷ ಆಗಿತ್ತು. ಎಲ್ಲ ಶಾಲೆಗಳಲ್ಲೂ ಆಗಸ್ಟ್ 15ನ್ನು ದೊಡ್ಡದಾಗಿ ಮಾಡಬೇಕೆಂಬ ಉತ್ಸಾಹ. ಕ್ಯಾಸೆಟ್ ಹಾಕಿ ಕುಣಿಸುವುದು ಬೇಡ, ಒಂದು ನಾಟಕ ಮಾಡಿಸುತ್ತೇನೆ ಎಂದು ನಾನು ಹೆಡ್ ಮಾಸ್ತರರ ಹತ್ತಿರ ಒಪ್ಪಿಗೆ ಪಡೆದೆ. ಹೆಗ್ಗೋಡಿನ ನೀನಾಸಂನ ಸಂಸ್ಕೃತಿ ಶಿಬಿರಕ್ಕೆ ಹೋಗಿ ಬಂದ ಹುರುಪು ನನ್ನೊಳಗೆ ಇನ್ನೂ ಆರಿರಲಿಲ್ಲ.

ಕಥೆ ಯಾವುದು ಅಂತ ಯೋಚಿಸಬೇಕಾಗಲಿಲ್ಲ. ರವೀಂದ್ರನಾಥ ಠಾಕೂರರು 1918ರಲ್ಲಿ ಬರೆದ ಗಿಳಿಯ ಕಥೆ. ಹಾಡಿಕೊಂಡು ಹಾರಿಕೊಂಡು ಇದ್ದ ಒಂದು ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜ ಅಪ್ಪಣೆ ಮಾಡುತ್ತಾನೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕ ನಕಲು ಮಾಡುವವರು ಬರುತ್ತಾರೆ. ಪಂಜರ ನೋಡಿದವರೆಲ್ಲ ವಾಹ್ ಅನ್ನುತ್ತಾರೆ, ಗಿಳಿಯನ್ನು ಯಾರೂ ನೋಡುವುದಿಲ್ಲ. ಪುಸ್ತಕದ ಹಾಳೆಗಳನ್ನು ಕೊಕ್ಕಿಗೆ ತುರುಕಿ ತುರುಕಿ ಕೊನೆಗೆ ಅದು ಸತ್ತೇ ಹೋಗುತ್ತದೆ. ರಾಜ ಅದನ್ನು ಒತ್ತಿ ನೋಡಿದರೆ ಒಳಗಿನಿಂದ ಕಾಗದದ ಸದ್ದು ಮಾತ್ರ ಬರುತ್ತದೆ. ಬಿ.ವಿ. ಕಾರಂತರು ಇದನ್ನು 'ಪಂಜರಶಾಲೆ' ಎಂಬ ಮಕ್ಕಳ ನಾಟಕವಾಗಿ ಮಾಡಿದ್ದರು. ನಾನು ಓದುವ ಕಾಲದಲ್ಲಿ ಒಮ್ಮೆ ನೋಡಿದ್ದೆ. ನಾಟಕದ ಪ್ರತಿ ನನ್ನ ಹತ್ತಿರ ಇರಲಿಲ್ಲ, ಕಥೆ ಮಾತ್ರ ಮನಸ್ಸಿನಲ್ಲಿ ಕೂತಿತ್ತು. ಮಾತುಗಳನ್ನು ನಾನೇ ಬರೆದೆ.

ಬರೆದದ್ದನ್ನು ಬೋರ್ಡಿನ ಮೇಲೆ ಹಾಕಿದೆ. ಮಕ್ಕಳಿಂದ ನೋಟ್‌ಬುಕ್ಕಿಗೆ ಇಳಿಸಿದೆ. ದಿನಾ ಸಂಜೆ ಉರು ಹೊಡೆಸಿದೆ. ರಾಜ ಎಲ್ಲಿ ನಿಲ್ಲಬೇಕು, ಪಂಡಿತ ಯಾವ ಕೈ ಎತ್ತಬೇಕು, ಎಲ್ಲವನ್ನೂ ನಾನೇ ಹೇಳಿಕೊಟ್ಟೆ. ಯಾರಾದರೂ ಒಂದು ಪದ ಬದಲಿಸಿದರೆ ತಡೆದು ತಿದ್ದಿದೆ. ಬಾಯಿಪಾಠದಿಂದ ಸತ್ತ ಗಿಳಿಯ ಕಥೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೇನೆ ಎಂಬುದು ಎರಡು ವಾರ ನನ್ನ ತಲೆಗೆ ಹೊಳೆಯಲಿಲ್ಲ. ಆ ಎರಡು ವಾರ ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಗಿಳಿಯ ಪಾತ್ರವನ್ನು ಆರನೇ ಕ್ಲಾಸಿನ ಒಬ್ಬ ಹುಡುಗನಿಗೆ ಕೊಟ್ಟಿದ್ದೆ. ಗಿಳಿಗೆ ಮಾತಿಲ್ಲ, ಅವನಿಗೆ ಓದಲು ಸರಿಯಾಗಿ ಬಾರದು, ಹಾಗಾಗಿ ಸರಿ ಹೋಯಿತು ಅಂದುಕೊಂಡಿದ್ದೆ. ಹೊಳೆಯಂಚಿನ ಮನೆಯ ಹುಡುಗ ಅವನು. ಓದು ಹಿಂದಿದ್ದರೂ ಕಿವಿ ಎಂಥದ್ದು ಗೊತ್ತಾ? ಕ್ಲಾಸಿನಲ್ಲಿ ಕೂತಲ್ಲೇ "ಲಾಂಚ್ ಆಚೆ ದಡ ಬಿಡ್ತು" ಅನ್ನುತ್ತಿದ್ದ. ಗುಡ್ಡದ ಆಚೆ ಮಳೆ ಬರುವುದನ್ನು ನಮಗಿಂತ ಮೊದಲು ಕೇಳಿಸಿಕೊಂಡು ಬಟ್ಟೆ ಒಳಗೆ ತರಲು ಎದ್ದು ಓಡುತ್ತಿದ್ದ. ಅದಕ್ಕಾಗಿ ಎಷ್ಟು ಸಲ ಅವನನ್ನು ಗದರಿದ್ದೇನೋ.

ಕೊನೆಯ ದೃಶ್ಯ ಕಲಿಸುತ್ತಿದ್ದ ಸಂಜೆ. ಅವನು ಸತ್ತ ಗಿಳಿಯಾಗಿ ಜಗುಲಿಯ ಮೇಲೆ ಅಂಗಾತ ಮಲಗಿದ್ದ. ರಾಜನ ಪಾತ್ರದ ಏಳನೇ ಕ್ಲಾಸಿನ ಹುಡುಗಿ ಬಂದು ಅವನ ಹೊಟ್ಟೆ ಒತ್ತಿದಳು. ಸೂತ್ರಧಾರ ನಾನು ಬರೆದುಕೊಟ್ಟ ಹಾಗೆ ಕಾಗದದ ಸದ್ದು ಬಂತೆಂದು ಘೋಷಿಸಿದ. ಸತ್ತ ಗಿಳಿ ಕಣ್ಣು ತೆರೆಯದೆಯೇ ಕೇಳಿತು:

"ಅಕ್ಕೋರೆ, ಆ ಸದ್ದು ಹೆಂಗಿರ್ತದೆ?"

"ಕಾಗದದ ಸದ್ದು ಕಾಗದದ ಹಾಗೇ ಇರುತ್ತದಪ್ಪ. ಸುಮ್ಮನೆ ಮಲಗು."

"ಹೊಟ್ಟೆ ಒಳಗೆ ಇದ್ದಾಗ?"

ನಾನು ಸುಮ್ಮನಾದೆ. ಅಲ್ಲಿಯವರೆಗೆ ನಾನು ಕ್ಲಾಸಿನಲ್ಲಿ ಕೇಳುತ್ತಿದ್ದ ಪ್ರಶ್ನೆಗಳಿಗೆಲ್ಲ ಉತ್ತರ ನನ್ನ ಹತ್ತಿರ ಮೊದಲೇ ಇರುತ್ತಿತ್ತು. ಮಕ್ಕಳು ಅದನ್ನು ಊಹಿಸಿ ನನಗೇ ವಾಪಸ್ ಕೊಡಬೇಕಿತ್ತು, ಅಷ್ಟೇ. ಈ ಪ್ರಶ್ನೆ ಹಾಗಿರಲಿಲ್ಲ. "ಗೊತ್ತಿಲ್ಲ ಕಣೋ" ಅಂದೆ. ಅಲ್ಲಿದ್ದ ಹದಿಮೂರು ಮಕ್ಕಳ ಮುಖವೂ ನನ್ನ ಕಡೆ ತಿರುಗಿತು. ಅಕ್ಕೋರಿಗೂ ಗೊತ್ತಿಲ್ಲದ್ದು ಇದೆ ಎಂದು ಅವರಿಗೆ ತಿಳಿದದ್ದು ಆವತ್ತೇ. ಮರುದಿನದಿಂದ ನನ್ನ ಮಾತುಗಳ ಉರು ನಿಂತಿತು, ಸದ್ದಿನ ಹುಡುಕಾಟ ಶುರುವಾಯಿತು.

ಮೊದಲಿಗೆ ನೋಟ್‌ಬುಕ್ಕಿನ ಹಾಳೆ ಹರಿದು ಮುದುಡಿ ನೋಡಿದರು. ಸದ್ದೇ ಇಲ್ಲ. ಮಲೆನಾಡಿನ ಆಗಸ್ಟಿನಲ್ಲಿ ಕಾಗದ ಅಂದರೆ ಒದ್ದೆ ಬಟ್ಟೆಯ ಹಾಗೆ, ಹಿಂಡಿದರೆ ನೀರು ಬಂದೀತು ಅನ್ನಿಸುತ್ತದೆ. ದರಕು ತಂದರು, ಅದೂ ಮೆತ್ತಗಾಗಿತ್ತು. ಯಾಕೆ ಹೀಗೆ ಅಂತ ಒಬ್ಬಳು ಕೇಳಿದಳು. ಕಾಗದ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಅದು ಮರದ ನಾರಿನಿಂದಲೇ ಆದದ್ದು, ನಾರು ನೀರು ಕುಡಿದರೆ ಬಿಗಿ ಹೋಗುತ್ತದೆ ಎಂದೆ. "ಹಾಗಾದ್ರೆ ಒಣಗಿಸುವ" ಅಂದಳು. ಒಣಗಿಸುವುದು ಎಲ್ಲಿ? ಎಲ್ಲರ ಮನೆಯಲ್ಲೂ ಒಲೆಯ ಮೇಲೆ ಅಟ್ಟ ಇದೆ. ಉಪ್ಪು, ಬೆಲ್ಲ, ಬಿತ್ತನೆಯ ಬೀಜ, ಮೆಣಸಿನಕಾಯಿ, ಮಳೆಗಾಲದಲ್ಲಿ ತೇವ ತಾಗಬಾರದ್ದೆಲ್ಲ ಹೊಗೆ ಕುಡಿದುಕೊಂಡು ಅಲ್ಲೇ ಇರುತ್ತದೆ. ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಸಂತೆಯೇ ನೆರೆದಿತ್ತು. ಹೊಗೆ ಹಿಡಿದ ಅಡಿಕೆ ಹಾಳೆ, ಬಾಳೆಯ ಒಣಪಟ್ಟೆ, ಬೆಳ್ಳುಳ್ಳಿ ಸಿಪ್ಪೆ, ಹಳೆಯ ಪಂಚಾಂಗ, ಮದುವೆ ಕಾಗದ, ಮುತ್ತುಗದ ಎಲೆಯ ಊಟದೆಲೆ. ಒಂದೊಂದನ್ನೂ ಮುದುಡಿದರು, ಉಜ್ಜಿದರು, ಊದಿದರು. ಗಿಳಿಯ ಪಾತ್ರದ ಹುಡುಗ ಕಣ್ಣು ಮುಚ್ಚಿ ಕೂತು ತೀರ್ಪು ಹೇಳುತ್ತಿದ್ದ. ಅಡಿಕೆ ಹಾಳೆ ದನ ನಡೆದ ಹಾಗೆ ಕೇಳುತ್ತದಂತೆ. ಬೆಳ್ಳುಳ್ಳಿ ಸಿಪ್ಪೆ ತೀರ ಸಣ್ಣ, ಅದು ಇರುವೆಯ ಹೊಟ್ಟೆಗೆ ಸರಿಯಂತೆ. ಪಂಚಾಂಗದ ಹಾಳೆ ಚೆನ್ನಾಗಿತ್ತು, ಆದರೂ ಅವನು ತಲೆ ಅಲ್ಲಾಡಿಸಿದ.

"ಇದು ಅಂಗಡೀಲಿ ಸಕ್ಕರೆ ಪೊಟ್ಟಣ ಕಟ್ಟೋ ಸದ್ದು."

"ಅದೂ ಕಾಗದವೇ ಅಲ್ವೇನೋ?" ಅಂದಳು ರಾಜ.

"ಇದು ಕೈಯಲ್ಲಿ ಮಾಡಿದ್ದು. ಹೊಟ್ಟೆ ಒಳಗೆ ಕೈ ಎಲ್ಲಿರ್ತದೆ?"

ಆ ಮಾತು ಕೇಳಿ ನಾನು ಅಲ್ಲೇ ಕೂತುಬಿಟ್ಟೆ. ನನಗೆ ಕಾರಂತರು ನೆನಪಾದರು. ಅವರು ನಾಟಕದ ಸದ್ದನ್ನು ಪೇಟಿ ತಬಲಕ್ಕೆ ಮಾತ್ರ ಬಿಟ್ಟವರಲ್ಲ. ಕಲ್ಲು, ಬಿದಿರು, ಮನುಷ್ಯನ ಗಂಟಲು, ಯಾವುದರಿಂದಲಾದರೂ ಸಂಗೀತ ಹುಟ್ಟಿಸುತ್ತಿದ್ದರು. ಬಂಟ್ವಾಳದ ಮಂಚಿಯ ಹುಡುಗನಾಗಿದ್ದ ಅವರು ಮೂರನೇ ಕ್ಲಾಸಿನಲ್ಲಿ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ಪಾತ್ರ ಮಾಡಿದ್ದು, ಆಮೇಲೆ ಮನೆ ಬಿಟ್ಟು ಗುಬ್ಬಿ ಕಂಪನಿಗೆ ಓಡಿದ್ದು, ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೇ ನಿರ್ದೇಶಕರಾದದ್ದು ನಾವೆಲ್ಲ ಕೇಳಿದ ಸಂಗತಿ. ಇದನ್ನು ಹೇಳುವಾಗ ನಾವು ಕೊನೆಯ ಪದವಿಯನ್ನೇ ದೊಡ್ಡದು ಮಾಡಿ ಹೇಳುತ್ತೇವೆ. ನನಗೆ ಮಾತ್ರ ಆ ಮೂರನೇ ಕ್ಲಾಸಿನ ನಾಟಕ ಮಾಡಿಸಿದ ಮೇಷ್ಟ್ರೇ ಹೆಚ್ಚು ನೆನಪಾಗುತ್ತಾರೆ. ಹಳ್ಳಿಯ ಶಾಲೆಯಲ್ಲಿ ಅವರು ಆ ನಾಟಕ ಮಾಡಿಸದೆ ಇದ್ದಿದ್ದರೆ?

ಸದ್ದು ಸಿಕ್ಕಿದ್ದು ಆಕಸ್ಮಿಕವಾಗಿ. ಹೆಡ್ ಮಾಸ್ತರರು ಬೀರುವಿನಲ್ಲಿದ್ದ ಹಳೆಯ ಸೈಕ್ಲೋಸ್ಟೈಲ್ ಪ್ರಶ್ನೆಪತ್ರಿಕೆಗಳ ಕಟ್ಟನ್ನು ಮಕ್ಕಳಿಗೆ ಕೊಟ್ಟಿದ್ದರು. ಮೊದಮೊದಲು ಅವರಿಗೆ ಈ ಗಲಾಟೆ ಹಿಡಿಸಿರಲಿಲ್ಲ. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯ ಚಿಂತೆ ಅವರದು, ಅದು ನ್ಯಾಯವಾದ ಚಿಂತೆಯೇ. ಮಕ್ಕಳು ಆ ಹಾಳೆಗಳನ್ನು ಒಬ್ಬೊಬ್ಬರೂ ಮನೆಗೆ ಒಯ್ದು ಅಟ್ಟದ ಮೇಲಿಟ್ಟು ಒಣಗಿಸಿದರು. ಬರುವಾಗ ದಾರಿಯಲ್ಲಿ ಮಳೆ. ರಾಜನ ಪಾತ್ರದ ಹುಡುಗಿ ಹಾಳೆ ನೆನೆಯದಿರಲಿ ಎಂದು ಅದನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡು, ಮೇಲೆ ಕಂಬಳಿಕೊಪ್ಪೆ ಹೊದ್ದು, ಗುಡ್ಡ ಹತ್ತಿ ಓಡಿ ಬಂದಳು. ಜಗುಲಿಗೆ ಬಂದು ಏದುಸಿರು ಬಿಡುತ್ತಾ ನಿಂತಳು. ಹೊಟ್ಟೆ ಮೇಲೆ ಕೆಳಗೆ ಆಗುತ್ತಿತ್ತು. ಹುಡುಗ ಮೂಲೆಯಿಂದ ಎದ್ದು ಬಂದ.

"ಅಲ್ಲಾಡಬೇಡ. ಉಸಿರು ಬಿಡ್ತಾ ಇರು. ಇದೇ."

ಎಲ್ಲರೂ ಕಿವಿ ಕೊಟ್ಟೆವು. ಕೈ ಮುಟ್ಟದೆ ಹುಟ್ಟಿದ ಸದ್ದು. ಚರ್ರ್ ಅಂತ ಒಮ್ಮೆ ಬಿಚ್ಚಿಕೊಳ್ಳುತ್ತದೆ, ಒಂದು ಗಳಿಗೆ ತಡೆಯುತ್ತದೆ, ಮತ್ತೆ ಒಳಕ್ಕೆ ಮುದುಡುತ್ತದೆ. ನನ್ನ ಮೈ ಜುಮ್ಮೆಂದಿತು.

ಅಲ್ಲಿಗೆ ಮುಗಿಯಲಿಲ್ಲ. ಐದನೇ ಕ್ಲಾಸಿನ ಒಬ್ಬ ಸಣ್ಣವ ತಕರಾರು ಎತ್ತಿದ: ಸತ್ತ ಗಿಳಿ ಉಸಿರಾಡುವುದು ಹೇಗೆ? ಇನ್ನೊಬ್ಬ ಅದಕ್ಕಿಂತ ಗಟ್ಟಿ ತಕರಾರು ತಂದ. ಕೋಳಿಯ ಹೊಟ್ಟೆಯಲ್ಲಿ ಕಲ್ಲಿನ ಚೀಲ ಇರುತ್ತದೆ, ಅವನು ಕೊಯ್ಯುವಾಗ ನೋಡಿದ್ದಾನೆ, ಗಿಳಿಗೂ ಇರಬೇಕು, ಕಾಗದವೆಲ್ಲ ಅದರಲ್ಲಿ ಅರೆದು ಹೋಗಿರುತ್ತದೆ, ಹಾಗಾದರೆ ಸದ್ದು ಎಲ್ಲಿಂದ? ವಿಜ್ಞಾನದ ಪಾಠದಲ್ಲಿ ಜೀರ್ಣಾಂಗಗಳ ಚಿತ್ರವನ್ನು ನಾನು ಅದೇ ಜುಲೈಯಲ್ಲಿ ಬರೆಸಿದ್ದೆ. ಆಗ ಯಾರೂ ಏನೂ ಕೇಳಿರಲಿಲ್ಲ. ಈಗ ಹದಿಮೂರು ಮಕ್ಕಳು ನನ್ನ ಸುತ್ತ ಕೂತು ಹಕ್ಕಿಗೆ ಹಲ್ಲು ಯಾಕಿಲ್ಲ, ಅದು ಕಲ್ಲು ಯಾಕೆ ನುಂಗುತ್ತದೆ, ಕಾಳು ಮೊದಲು ಎಲ್ಲಿಗೆ ಹೋಗುತ್ತದೆ ಅಂತ ಕೇಳುತ್ತಿದ್ದಾರೆ. ಕೊರಳ ಬುಡದಲ್ಲಿ ಇನ್ನೊಂದು ಚೀಲ ಇದೆ, ನುಂಗಿದ್ದು ಮೊದಲು ಅಲ್ಲಿ ಸೇರುತ್ತದೆ, ಆಮೇಲೆ ಕಲ್ಲಿನ ಚೀಲಕ್ಕೆ ಇಳಿದು ಅರೆದು ಹೋಗುತ್ತದೆ ಎಂದು ಹೇಳಿದೆ. ಹುಡುಗಿ ತಕ್ಷಣ ಅಂದಳು: "ಹಾಗಾದ್ರೆ ನಾ ಹೊಟ್ಟೆ ಒತ್ತೂದು ತಪ್ಪು. ಕೊರಳ ಹತ್ರ ಒತ್ತಬೇಕು." ಹೆಡ್ ಮಾಸ್ತರರು ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಆವತ್ತಿನಿಂದ ಸಂಜೆ ಅರ್ಧ ಗಂಟೆ ಹೆಚ್ಚು ಕೊಟ್ಟರು, ಲಾಂಚ್ ತಪ್ಪಿದರೂ ತಾವೂ ಕೂತು ನೋಡುತ್ತಿದ್ದರು.

ತಂಗಿಯ ಮಗಳಿಗೆ ಹೇಳಿದೆ: ಕಲೆಯನ್ನು ಪಾಠಕ್ಕೆ ಸೇರಿಸುವುದು ಅಂದರೆ ಆವತ್ತು ಆ ಕೋಳಿಯ ಹುಡುಗ ಮಾಡಿದ್ದು. ಅವನಿಗೆ ನಾಟಕ ಸರಿಯಾಗಬೇಕಿತ್ತು, ಅದಕ್ಕೆ ಅವನಿಗೆ ವಿಜ್ಞಾನ ಬೇಕಾಯಿತು. ರಾಗ ಹಚ್ಚಿದರೆ ಮಗ್ಗಿ ಬೇಗ ಬಾಯಿಗೆ ಬರುತ್ತದೆ, ಬರಲಿ, ಅದರಲ್ಲೂ ತಪ್ಪಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ 'ನಲಿ ಕಲಿ' ಶುರುವಾದಾಗ ಹಾಡು ಆಟಗಳಿಂದ ಸಣ್ಣ ಮಕ್ಕಳ ಭಯ ಹೋಯಿತು, ಅದು ದೊಡ್ಡ ಕೆಲಸ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೂ ಕಲೆ ಕಲಿಕೆಯ ಭಾಗವಾಗಿರಲಿ ಎಂದಿತು. ಅದನ್ನು ಓದಿ ನನಗೆ ಬಹಳ ಸಂತೋಷವಾಗಿತ್ತು. ಆದರೆ ವೇಳಾಪಟ್ಟಿಯಲ್ಲಿ ಬರೆದ ಕಲೆಯ ಪೀರಿಯಡ್ಡು ಜನವರಿ ಬಂದ ಕೂಡಲೇ ಗಣಿತಕ್ಕೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ನಾನೇ ಬಿಟ್ಟುಕೊಟ್ಟಿದ್ದೂ ಇದೆ. ಸ್ಪರ್ಧೆಗೆಂದು ಒಬ್ಬ ಚುರುಕು ಮಗುವನ್ನು ಆರಿಸಿ, ದೊಡ್ಡವರು ಬರೆದ ಏಕಪಾತ್ರಾಭಿನಯ ಕಲಿಸಿ, ಬಹುಮಾನ ತಂದು ಫೋಟೋ ತೂಗುಹಾಕಿದರೆ ಮಿಕ್ಕ ಐವತ್ತೊಂಬತ್ತು ಮಕ್ಕಳಿಗೆ ಅದರಿಂದ ಏನು? ಪ್ರೇಮಾ ಕಾರಂತರು ಬೆನಕ ಮಕ್ಕಳ ತಂಡವನ್ನು ಕಟ್ಟಿ ಬೆಂಗಳೂರಿನಲ್ಲಿ ಮಾಡಿದ ಕೆಲಸ, ನಮ್ಮ ಪಕ್ಕದ ತುಮರಿಯ ಕಿನ್ನರ ಮೇಳದವರು ಶಾಲೆಯಿಂದ ಶಾಲೆಗೆ ನಾಟಕ ಹೊತ್ತು ತಿರುಗಿದ್ದು, ಇವನ್ನೆಲ್ಲ ನೋಡಿದ ಮೇಲೂ ನಾವು ನಾಟಕವನ್ನು ವಾರ್ಷಿಕೋತ್ಸವಕ್ಕೇ ಕಟ್ಟಿಹಾಕಿದ್ದೇವಲ್ಲ ಅನ್ನುವ ನೋವು ನನಗಿದೆ.

ಇರಲಿ, ಆಗಸ್ಟ್ 15ಕ್ಕೆ ಬರುತ್ತೇನೆ.

ಸತ್ತ ಗಿಳಿ ಉಸಿರಾಡುವ ಸಮಸ್ಯೆಗೆ ಮಕ್ಕಳು ಎರಡು ದಿನ ಜಗಳ ಮಾಡಿ ಒಂದು ದಾರಿ ಕಂಡುಕೊಂಡಿದ್ದರು. ಗಿಳಿಯ ಮೈಯಲ್ಲಿ ಕಾಗದ ಇರುವುದಿಲ್ಲ. ಮಿಕ್ಕವರೆಲ್ಲ, ರಾಜ, ಪಂಡಿತರು, ಪಂಜರ ಮಾಡಿದ ಅಕ್ಕಸಾಲಿಗ, ಕಾವಲುಗಾರರು, ಎಲ್ಲರೂ ಅಂಗಿಯೊಳಗೆ ಒಂದೊಂದು ಹಾಳೆ ಇಟ್ಟುಕೊಂಡಿರುತ್ತಾರೆ. ರಾಜ ಕೊರಳ ಬುಡ ಒತ್ತಿದಾಗ ಗಿಳಿ ಅಲ್ಲಾಡದೆ ಮಲಗಿರುತ್ತದೆ, ಉಳಿದವರೆಲ್ಲ ಒಟ್ಟಿಗೆ ಉಸಿರು ಎಳೆದು ಬಿಡುತ್ತಾರೆ. ಹೀಗೆ ಮಾಡಿದರೆ ಅದರ ಅರ್ಥ ಏನಾಗುತ್ತದೆ ಎಂದು ನಾನು ಅವರಿಗೆ ಬಿಡಿಸಿ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಬೆಳಿಗ್ಗೆ ಧ್ವಜ ಹಾರಿಸುವಾಗಲೇ ಮಳೆ ಹಿಡಿದಿತ್ತು. ಧ್ವಜ ಕಂಬಕ್ಕೆ ಅಂಟಿಕೊಂಡಿತು. ಜನ ಕಂಬಳಿ, ಗೊರಬು, ಛತ್ರಿಗಳನ್ನು ಹೊರಗೆ ಸಾಲಾಗಿ ಇಟ್ಟು ಒಳಗೆ ಬಂದರು. ನಡುವಿನ ತಟ್ಟಿ ತೆಗೆದು ಎರಡು ಕೋಣೆ ಒಂದು ಮಾಡಿದ್ದೆವು. ಮುಂದೆ ಸಣ್ಣ ಮಕ್ಕಳು, ಹಿಂದೆ ಹೆಂಗಸರು, ಬಾಗಿಲಲ್ಲಿ ಗಂಡಸರು. ನಾಟಕ ಶುರುವಾದ ಹೊತ್ತಿಗೆ ಹೆಂಚಿನ ಮೇಲೆ ಮಳೆ ಹೇಗೆ ಹೊಯ್ಯುತ್ತಿತ್ತೆಂದರೆ ಪಂಡಿತರು ಕಿರುಚಿ ಮಾತಾಡಬೇಕಾಯಿತು. ನನಗೆ ಕೊನೆಯ ದೃಶ್ಯದ್ದೇ ಚಿಂತೆ. ಮಳೆ ನಿಲ್ಲಲಿ ಅಂತ ಮನಸ್ಸಿನಲ್ಲೇ ಎಷ್ಟು ಬೇಡಿಕೊಂಡೆನೋ. ಮಳೆ ನಿಲ್ಲಲಿಲ್ಲ.

ರಾಜ ಬಂದಳು, ಬಗ್ಗಿದಳು, ಕೊರಳ ಬುಡ ಒತ್ತಿದಳು. ಹನ್ನೆರಡು ಹೊಟ್ಟೆಗಳು ಒಟ್ಟಿಗೆ ಉಬ್ಬಿದವು, ಇಳಿದವು. ನೆಲದ ಮೇಲೆ ಕೂತಿದ್ದ ಮುಂದಿನ ಸಾಲಿನ ಸಣ್ಣ ಮಕ್ಕಳಿಗೆ ಕೇಳಿಸಿತು, ಅವರ ಮುಖದಲ್ಲೇ ಗೊತ್ತಾಯಿತು. ಹಿಂದೆ ಯಾರಿಗೂ ಏನೂ ಕೇಳಿಸಲಿಲ್ಲ. ನಾವು ಹದಿನೈದು ದಿನ ಹುಡುಕಿದ ಸದ್ದನ್ನು ಮಳೆ ನುಂಗಿತು. ರಾಜನಿಗೂ ಅದು ತಿಳಿಯಿತು. ಅವಳು ಮತ್ತೊಮ್ಮೆ ಒತ್ತಿದಳು, ಕಾದಳು. ಆಮೇಲೆ ಯಾರೂ ಹೇಳಿಕೊಡದ ಒಂದು ಕೆಲಸ ಮಾಡಿದಳು. ಮೊಣಕಾಲೂರಿ, ಕಿರೀಟ ತೆಗೆದು ಪಕ್ಕಕ್ಕಿಟ್ಟು, ಗಿಳಿಯ ಎದೆಗೆ ಕಿವಿ ಇಟ್ಟಳು. ಹಾಗೇ ಇದ್ದಳು, ಬಹಳ ಹೊತ್ತು. ಕೋಣೆಯಲ್ಲಿ ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ.

ಹಿಂದಿನಿಂದ ಒಬ್ಬ ಅಜ್ಜಿ ತಡೆಯಲಾರದೆ ಕೇಳಿದರು: "ಏನ್ ಕೇಳ್ತದೆ ಮಗಾ?"

ರಾಜ ತಲೆ ಎತ್ತಲಿಲ್ಲ. "ಕಾಗದ, ಅಜ್ಜಿ" ಅಂದಳು.

ಅದು ನಾನು ಬರೆದ ಮಾತಾಗಿರಲಿಲ್ಲ. ನಾನು ಬರೆದದ್ದರಲ್ಲಿ ಅಷ್ಟು ಸತ್ಯವಾದ ಮಾತು ಒಂದೂ ಇರಲಿಲ್ಲ.

ನಾಟಕ ಮುಗಿದ ಮೇಲೆ ಹಿತ್ತಿಲ ತೊಟ್ಟಿಯ ಹತ್ತಿರ ಹೋದೆ. ಮಕ್ಕಳು ಅಂಗಿ ಎತ್ತಿ ಹೊಟ್ಟೆ ತಿಕ್ಕಿ ತೊಳೆದುಕೊಳ್ಳುತ್ತಿದ್ದರು. ಬೆವರಿಗೆ ಸೈಕ್ಲೋಸ್ಟೈಲಿನ ಮಸಿ ಹತ್ತಿ ಪ್ರಶ್ನೆಗಳೆಲ್ಲ ತಿರುಗುಮುರುಗಾಗಿ ಹೊಟ್ಟೆಯ ಮೇಲೆ ಅಚ್ಚಾಗಿದ್ದವು. ಒಬ್ಬರ ಹೊಟ್ಟೆಯನ್ನು ಇನ್ನೊಬ್ಬರು ಓದಲು ನೋಡಿ ನಗುತ್ತಿದ್ದರು. ಗಿಳಿಯ ಹುಡುಗ ಮಾತ್ರ ಜಗುಲಿಯ ಕಂಬಕ್ಕೆ ಒರಗಿ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದ.

"ಅಕ್ಕೋರೆ," ಅಂದ, "ನೀರಿನ ಒಳಗೆ ಮುಳುಗಿದ ಮನೇಲಿ ಸದ್ದು ಇರ್ತದಾ?"

"ಯಾವ ಮನೆ?"

"ನಮ್ಮ ಅಜ್ಜಂದು. ಬಾಗಿಲು ಹಾಕ್ದೆ ಹಂಗೇ ಬಿಟ್ಟು ಬಂದ್ರಂತೆ. ಆ ಬಾಗಿಲು ಈಗ ನೀರೊಳಗೆ ಹೆಂಗೆ ಕೇಳ್ತದೆ?"

ನನಗೆ ಗೊತ್ತಿರಲಿಲ್ಲ. ಅವನ ಅಜ್ಜ ಆಗಲೇ ಬಾಗಿಲಲ್ಲಿ ಕಂಬಳಿ ಕೊಡವಿಕೊಂಡು ಹೊರಡುತ್ತಿದ್ದರು. ನಾನು ಛತ್ರಿ ಬಿಡಿಸಿದೆ. ಇಬ್ಬರೂ ಮಳೆಗೆ ಇಳಿದು, ಅವರನ್ನು ಕೂಗಿ ನಿಲ್ಲಿಸಿದೆವು.